ಮೂವತ್ತು ವರ್ಷ ತಡವಾಗಿ ಜಾತ್ರೆಗೆ

ದೂರದಲ್ಲೆಲ್ಲೋ ಗಂಟೆ ಬಾರಿಸುತ್ತದೆ. ಅಮ್ಮ ಕೋಣೆಗೆ ಬಂದು ಕಿಟಕಿಯ ಪರದೆ ಸರಿಸುತ್ತಾಳೆ, ಇನ್ನೂ ಹೊದ್ದು ಮಲಗಿರುವ ಮಗನನ್ನು ಎಬ್ಬಿಸುತ್ತಾಳೆ. ಮುಳ್ಳುಹಂದಿಯ ಹಾಗೆ ನೆಟ್ಟಗೆ ನಿಂತ ಕೆಂಪು ಕೂದಲಿನ ಹುಡುಗ ಹಾಸಿಗೆಯಿಂದ ಇಳಿಯುತ್ತಾನೆ. ಇವತ್ತು ಊರಿನಲ್ಲಿ ಜಾತ್ರೆ. ರಾಜ್ಯಕ್ಕೆ ಸಾವಿರ ವರ್ಷ ತುಂಬಿದೆ. ಹೊರಡುವ ಮುಂಚೆ ಅಮ್ಮನನ್ನು ಮಾತಾಡಿಸಿದರೆ ಖರ್ಚಿಗೆ ಒಂದಿಷ್ಟು ಕಾಸು ಸಿಗುತ್ತದೆ.

ಶುರುವಾಗುವುದು ಇಷ್ಟರಿಂದಲೇ. ಅರ್ಧ ಗಂಟೆಯ ಪೀಠಿಕೆಯಿಲ್ಲ, ಯಾವ ರಾಜವಂಶ ಯಾವ ರಾಜವಂಶವನ್ನು ಸೋಲಿಸಿತು ಎಂಬ ಪಾಠವಿಲ್ಲ. ಬಾಗಿಲು ತೆಗೆದು ಹೊರಗೆ ನಡೆದರಾಯಿತು. ಗೇಮ್‌ನ ಹೆಸರು ‘ಕ್ರೋನೋ ಟ್ರಿಗರ್’. ಜಪಾನಿನ ಸ್ಕ್ವೇರ್ ಕಂಪನಿ ಇದನ್ನು 1995ರ ಮಾರ್ಚ್ 11ರಂದು ನಿಂಟೆಂಡೊದ ಸೂಪರ್ ಫ್ಯಾಮಿಕಾಮ್ ಯಂತ್ರಕ್ಕಾಗಿ ಬಿಡುಗಡೆ ಮಾಡಿತು. 2019ರಲ್ಲಿ ಹೆಯ್‌ಸೇ ಯುಗ ಮುಗಿದು ಹೊಸ ಚಕ್ರವರ್ತಿಯ ಯುಗ ಶುರುವಾಗುವ ಹೊತ್ತಿಗೆ ‘ಫ್ಯಾಮಿತ್ಸು’ ಪತ್ರಿಕೆ ತನ್ನ ಓದುಗರನ್ನು ಆ ಮೂವತ್ತು ವರ್ಷಗಳ ಅತ್ಯುತ್ತಮ ಗೇಮ್ ಯಾವುದೆಂದು ಕೇಳಿತ್ತು. ಮೊದಲ ಸ್ಥಾನ ಇದಕ್ಕೇ ಬಂತು. ಟೋಕಿಯೋ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ದೇಶದೇಶಗಳ ಕ್ರೀಡಾಪಟುಗಳು ಸಾಲಾಗಿ ನಡೆದು ಬಂದಾಗ ಹಿನ್ನೆಲೆಯಲ್ಲಿ ಕೇಳಿಸಿದ ಸಂಗೀತದಲ್ಲಿ ಇದರ ಎರಡು ತುಣುಕುಗಳೂ ಇದ್ದವು. ನೀವು ಕೇಳಿರುತ್ತೀರಿ, ಗೊತ್ತಾಗಿರುವುದಿಲ್ಲ ಅಷ್ಟೆ.

ಇಂಥ ಹಳೆಯ ಗೇಮ್‌ಗಳ ಬಗ್ಗೆ ಬರೆಯುವವರೆಲ್ಲ ಸಾಮಾನ್ಯವಾಗಿ ಬಾಲ್ಯದ ನೆನಪಿನಿಂದ ಶುರು ಮಾಡುತ್ತಾರೆ. ನನಗೆ ಆ ಸೌಲಭ್ಯವಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದದ್ದು ‘ಟೀವಿ ಗೇಮ್’. ನಿಂಟೆಂಡೊದ ಅದಕ್ಕೂ ಹಿಂದಿನ 8 ಬಿಟ್ ಯಂತ್ರದ ನಕಲು ಅದು. ಹಳದಿ ಕ್ಯಾಸೆಟ್ ಸಿಕ್ಕಿಸಬೇಕು, ಚಿತ್ರ ಬಾರದಿದ್ದರೆ ಕ್ಯಾಸೆಟ್ ತೆಗೆದು ಬಾಯಿಂದ ಊದಬೇಕು. ಕಾರ್ಟ್ರಿಜ್ ಎಂಬ ಪದವನ್ನು ನಾನು ಕೇಳಿದ್ದು ಎಷ್ಟೋ ವರ್ಷಗಳ ಮೇಲೆ. ಅಂಗಡಿಯವನು ಸಾವಿರಾರು ಆಟ ಇವೆ ಎಂದು ಕೊಟ್ಟ ಕ್ಯಾಸೆಟ್‌ನಲ್ಲಿ ಎಣಿಸಿದರೆ ಇದ್ದದ್ದು ಏಳು. ಉಳಿದವೆಲ್ಲ ಅವೇ ಏಳರ ಪುನರಾವರ್ತನೆ. ಮಾರಿಯೋ, ಕಾಂಟ್ರಾ, ಬಾತುಕೋಳಿ ಹೊಡೆಯುವ ಗನ್ನು. ಜಪಾನಿನ ರೋಲ್ ಪ್ಲೇಯಿಂಗ್ ಗೇಮ್‌ಗಳು (ಆರ್‌ಪಿಜಿ) ಮಾತ್ರ ಆ ಕ್ಯಾಸೆಟ್‌ಗಳಲ್ಲಿ ಬರಲೇ ಇಲ್ಲ. ಕಾರಣ ಸರಳ: ಅವು ಮಾತಿನ ಆಟಗಳು, ಆ ಮಾತು ಜಪಾನಿ ಭಾಷೆಯಲ್ಲಿತ್ತು. ಇಪ್ಪತ್ತು, ಮೂವತ್ತು ಗಂಟೆ ಆಡಬೇಕಾದ್ದರಿಂದ ಆಟವನ್ನು ಸೇವ್ ಮಾಡಲು ಕಾರ್ಟ್ರಿಜ್‌ನೊಳಗೇ ಸಣ್ಣ ಬ್ಯಾಟರಿ ಬೇಕಿತ್ತು. ಅಗ್ಗದ ನಕಲು ಕ್ಯಾಸೆಟ್‌ಗೆ ಯಾರು ಬ್ಯಾಟರಿ ಹಾಕುತ್ತಾರೆ?

ಹಾಗಾಗಿ ನಾನು ಈ ಜಾತ್ರೆಗೆ ಹೋದದ್ದು ಕೂದಲು ನರೆಯಲು ಶುರುವಾದ ಮೇಲೆ, ಮೊಬೈಲ್‌ನಲ್ಲಿ, ಯಾವ ನೆನಪಿನ ಹಂಗೂ ಇಲ್ಲದೆ. ಆದರೂ ಹಿಡಿಸಿತು. ಯಾಕೆ ಹಿಡಿಸಿತು, ಹೊಸಬರು ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಎಡವುತ್ತಾರೆ ಎಂಬುದಕ್ಕೆ ಈ ಬರಹ.

ಎದುರಾಳಿಗಳು ಒಂದೇ ಮೇಜಿಗೆ

ಸ್ವಲ್ಪ ಹಿನ್ನೆಲೆ ಗೊತ್ತಿದ್ದರೆ ಒಳ್ಳೆಯದು. ಜಪಾನಿನಲ್ಲಿ ರೋಲ್ ಪ್ಲೇಯಿಂಗ್ ಆಟವನ್ನು ಮನೆಮಾತಾಗಿಸಿದ್ದು ‘ಡ್ರ್ಯಾಗನ್ ಕ್ವೆಸ್ಟ್’. 1986ರಲ್ಲಿ ಎನಿಕ್ಸ್ ಕಂಪನಿ ತಂದದ್ದು, ಕಟ್ಟಿದವರು ಯೂಜಿ ಹೊರಿಯಿ. ಅಮೆರಿಕದ ಕಂಪ್ಯೂಟರ್‌ಗಳಲ್ಲಿ ಆಡುತ್ತಿದ್ದ ‘ವಿಝರ್ಡ್ರಿ’, ‘ಅಲ್ಟಿಮಾ’ಗಳ ಜಟಿಲತೆಯನ್ನು ಸೋಸಿ, ಮಕ್ಕಳೂ ಆಡುವಂತೆ ಮಾಡಿದ್ದು ಅವರ ಹೆಚ್ಚುಗಾರಿಕೆ. ಮರುವರ್ಷ ಸ್ಕ್ವೇರ್ ಕಂಪನಿಯಿಂದ ‘ಫೈನಲ್ ಫ್ಯಾಂಟಸಿ’ ಬಂತು, ಹಿರೊನೊಬು ಸಕಾಗುಚಿ ಅವರದ್ದು. ಮುಂದಿನ ಏಳೆಂಟು ವರ್ಷ ಇವೆರಡರ ನಡುವೆ ಜಿದ್ದು.

1992ರಲ್ಲಿ ಹೊರಿಯಿ, ಸಕಾಗುಚಿ ಮತ್ತು ‘ಡ್ರ್ಯಾಗನ್ ಬಾಲ್’ ಚಿತ್ರಕಾರ ಅಕಿರಾ ತೊರಿಯಾಮಾ ಒಟ್ಟಿಗೆ ಅಮೆರಿಕಕ್ಕೆ ಹೋದರು, ಕಂಪ್ಯೂಟರ್ ಗ್ರಾಫಿಕ್ಸ್ ನೋಡಿಕೊಂಡು ಬರಲು. ಅಲ್ಲಿ ಹೊಳೆದ ಯೋಚನೆಯೇ ಮುಂದೆ ಈ ಗೇಮ್ ಆಯಿತು. ಎದುರಾಳಿ ಕಂಪನಿಗಳ ಎರಡು ದೊಡ್ಡ ತಲೆಗಳು ಮತ್ತು ಆ ಕಾಲದ ಅತ್ಯಂತ ಜನಪ್ರಿಯ ಕಾಮಿಕ್ಸ್ ಕಲಾವಿದ ಒಂದೇ ಕೆಲಸದಲ್ಲಿ ಸೇರಿದ್ದನ್ನು ಜಪಾನಿನಲ್ಲಿ ‘ಡ್ರೀಮ್ ಪ್ರಾಜೆಕ್ಟ್’ ಎಂದರು. ಎರಡೂ ಕಂಪನಿಗಳು ವಿಲೀನವಾಗಿ ಸ್ಕ್ವೇರ್ ಎನಿಕ್ಸ್ ಆದದ್ದು 2003ರಲ್ಲಿ, ಅಂದರೆ ಈ ಗೇಮ್ ಬಂದು ಎಂಟು ವರ್ಷದ ಮೇಲೆ. ದೊಡ್ಡ ಹೆಸರುಗಳ ಹಿಂದೆ ಕೈಕೆಸರು ಮಾಡಿಕೊಂಡವರೂ ಇದ್ದರು: ಕಥೆಯ ಬಹುಭಾಗ ಬರೆದ ಮಸಾತೊ ಕಾತೊ, ನಿರ್ದೇಶಕರಾದ ತಕಾಶಿ ತೊಕಿತಾ, ಯೊಶಿನೊರಿ ಕಿತಾಸೆ, ಅಕಿಹಿಕೊ ಮಾತ್ಸುಯಿ. ಸಂಗೀತಗಾರನ ಕಥೆ ಬೇರೆಯೇ ಇದೆ, ಮುಂದೆ ಹೇಳುತ್ತೇನೆ.

ಇಷ್ಟೆಲ್ಲವೂ 32 ಮೆಗಾಬಿಟ್ ಕಾರ್ಟ್ರಿಜ್ ಒಂದರಲ್ಲಿ ಕೂತಿತು. 32 ಮೆಗಾಬಿಟ್ ಅಂದರೆ 4 ಎಂಬಿ. ಬೆಳಗಾದರೆ ವಾಟ್ಸ್‌ಆ್ಯಪ್‌ಗೆ ಬಂದು ಬೀಳುವ ಶುಭೋದಯದ ವಿಡಿಯೋ ಇದಕ್ಕಿಂತ ದಪ್ಪಗಿರುತ್ತದೆ.

ಯಾವುದರಲ್ಲಿ ಆಡುವುದು

ಸೂಪರ್ ಫ್ಯಾಮಿಕಾಮ್ ಹುಡುಕಿಕೊಂಡು ಹೋಗಬೇಕಿಲ್ಲ. ನಮ್ಮಲ್ಲಿ ಸುಲಭವಾಗಿ ಸಿಗುವುದು ಎರಡು ದಾರಿ: ಕಂಪ್ಯೂಟರ್ ಇದ್ದವರಿಗೆ ಸ್ಟೀಮ್, ಫೋನ್ ಇದ್ದವರಿಗೆ ಆ್ಯಂಡ್ರಾಯ್ಡ್ ಅಥವಾ ಐಫೋನ್ ಆವೃತ್ತಿ. ಎರಡೂ ಒಂದೇ ಸಲ ದುಡ್ಡು ಕೊಟ್ಟು ಕೊಳ್ಳುವಂಥವು. ನಡುವೆ ಜಾಹೀರಾತಿಲ್ಲ, ಇನ್ನಷ್ಟು ವಜ್ರ ಕೊಳ್ಳಿ ಎಂಬ ಕಾಟವಿಲ್ಲ. ಸ್ಟೀಮ್‌ನಲ್ಲಿ ರಿಯಾಯಿತಿ ಬರುವವರೆಗೆ ಕಾಯಬಹುದು. ಹಳೆಯ ಆಫೀಸ್ ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತದೆ, ಗ್ರಾಫಿಕ್ಸ್ ಕಾರ್ಡ್ ಚಿಂತೆ ಬೇಡ.

2018ರಲ್ಲಿ ಸ್ಟೀಮ್ ಆವೃತ್ತಿ ಬಂದಾಗ ಅಭಿಮಾನಿಗಳು ಉಗಿದು ಉಪ್ಪಿನಕಾಯಿ ಹಾಕಿದ್ದರು. ಫೋನಿನ ಗುಂಡಿಗಳನ್ನು ಹಾಗೇ ತಂದು ದೊಡ್ಡ ಪರದೆಗೆ ಅಂಟಿಸಿದ್ದರು, ಚಿತ್ರಗಳನ್ನು ಮಸುಕು ಮಾಡಿ ನುಣುಪು ಬರಿಸಿದ್ದರು. ಅದೇ ವರ್ಷ ಒಂದರ ಹಿಂದೊಂದು ತಿದ್ದುಪಡಿ ಬಂದು ಈಗ ಅದು ನೆಟ್ಟಗಿದೆ. ಸೆಟ್ಟಿಂಗ್ಸ್‌ಗೆ ಹೋಗಿ ಗ್ರಾಫಿಕ್ಸ್ ಅನ್ನು ‘ಒರಿಜಿನಲ್’ಗೆ ತಿರುಗಿಸಿಕೊಳ್ಳುವುದು ನೀವು ಮಾಡಬೇಕಾದ ಮೊದಲ ಕೆಲಸ. ಚೌಕ ಚೌಕ ಕಾಣಿಸಬೇಕಾದ್ದು ಚೌಕವಾಗಿಯೇ ಕಾಣಿಸಲಿ. ಎರಡನೆಯದು, ಒಂದು ಕಂಟ್ರೋಲರ್ ಹೊಂದಿಸಿಕೊಳ್ಳಿ. ಕೀಬೋರ್ಡ್‌ನಲ್ಲೂ ಆಡಬಹುದು, ಆದರೆ ಜಾತ್ರೆಯಲ್ಲಿ ಓಟದ ಪಂದ್ಯ ನೋಡುವಾಗ ಗೊತ್ತಾಗದ ಕಷ್ಟ ಆಮೇಲೆ ಬೈಕ್ ಓಡಿಸುವಾಗ ಗೊತ್ತಾಗುತ್ತದೆ.

ಮೂರನೆಯದು ಮುಖ್ಯ. ಶುರುವಿನಲ್ಲೇ ಗೇಮ್ ಒಂದು ಪ್ರಶ್ನೆ ಕೇಳುತ್ತದೆ: ಯುದ್ಧ ‘ಆ್ಯಕ್ಟಿವ್’ ಬೇಕೋ ‘ವೇಟ್’ ಬೇಕೋ? ಹೊಸಬರು ಕಣ್ಣುಮುಚ್ಚಿ ‘ವೇಟ್’ ಒತ್ತಿ. ನೀವು ಯಾವ ಮದ್ದು, ಯಾವ ಮಂತ್ರ ಎಂದು ಪಟ್ಟಿ ನೋಡುತ್ತಿರುವಾಗ ಶತ್ರು ಸುಮ್ಮನಿರುತ್ತಾನೆ. ‘ಆ್ಯಕ್ಟಿವ್’ನಲ್ಲಿ ನಿಮಗಾಗಿ ಯಾರೂ ಕಾಯುವುದಿಲ್ಲ.

ಭಾಷೆಯ ಮಾತು. ಕನ್ನಡದಲ್ಲಿ ಇಲ್ಲ. ಇಂಗ್ಲಿಷ್ ಸರಳವಾಗಿದೆ, ಹೈಸ್ಕೂಲ್ ಮಕ್ಕಳಿಗೆ ತೊಡಕಾಗದು. ಮಾತು ಪರದೆಯ ಮೇಲೆ ಬರಹವಾಗಿ ಬರುತ್ತದೆ, ಗುಂಡಿ ಒತ್ತುವವರೆಗೆ ನಿಂತಿರುತ್ತದೆ. ಹಳೆಯ ಅಮೆರಿಕನ್ ಆವೃತ್ತಿಯನ್ನು ಅನುವಾದಿಸಿದ ಟೆಡ್ ವೂಲ್ಸಿ ಕೆಲವು ತಮಾಷೆ ಮಾಡಿದ್ದರು. ಖಳನ ಮೂವರು ಸೇನಾಪತಿಗಳ ಹೆಸರು ಜಪಾನಿಯಲ್ಲಿ ವಿನೆಗರ್, ಸೋಯಾ ಸಾಸ್, ಮಯೊನೇಸ್ ಎಂದಿತ್ತು. ಅವರು ಅದನ್ನು ರಾಕ್ ಸಂಗೀತಗಾರರ ಹೆಸರಿಗೆ ಬದಲಿಸಿ ಓಝೀ, ಸ್ಲ್ಯಾಶ್, ಫ್ಲೀ ಮಾಡಿದರು. ಕಪ್ಪೆಯಾಗಿ ಮಾರ್ಪಟ್ಟ ಯೋಧನ ಬಾಯಲ್ಲಿ ಹಳೆಗಾಲದ ಇಂಗ್ಲಿಷ್ ಇಟ್ಟವರೂ ಅವರೇ. 2008ರ ನಿಂಟೆಂಡೊ ಡಿಎಸ್ ಆವೃತ್ತಿಗೆ ಹೊಸದಾಗಿ ಅನುವಾದವಾಯಿತು, ಈಗ ನಮಗೆ ಸಿಗುವುದು ಅದೇ. ಕಪ್ಪೆಯ ಗತ್ತು ಕಮ್ಮಿಯಾಗಿದೆ, ಅರ್ಥ ಸಲೀಸಾಗಿದೆ.

ಗೇಮ್‌ನ ಹೆಸರು Chrono, ನಾಯಕ ಕ್ರೋನೋನ ಹೆಸರು Crono, ಒಂದು ‘ಎಚ್’ ಕಾಣೆಯಾಗಿರುವುದನ್ನು ಗಮನಿಸುವವರಿಗೆ: ಹಳೆಯ ಕಾರ್ಟ್ರಿಜ್‌ನಲ್ಲಿ ಹೆಸರಿಗೆ ಐದೇ ಅಕ್ಷರದ ಜಾಗವಿತ್ತು.

ಜಾತ್ರೆಯಲ್ಲಿ ಹೇಗೆ ನಡೆದುಕೊಂಡಿರಿ?

ಈಗ ಜಾತ್ರೆಗೆ ಬರೋಣ, ಯಾಕೆಂದರೆ ಈ ಗೇಮ್‌ನ ಗುಟ್ಟು ಇಲ್ಲೇ ಇದೆ. ಗಂಟೆಯ ಕೆಳಗೆ ಒಬ್ಬ ಹುಡುಗಿ ಓಡಿ ಬಂದು ನಿಮಗೆ ಡಿಕ್ಕಿ ಹೊಡೆಯುತ್ತಾಳೆ. ಇಬ್ಬರೂ ಬೀಳುತ್ತೀರಿ. ಅವಳ ಕೊರಳಿನ ಪದಕ ಜಾರಿ ಅತ್ತ ಬೀಳುತ್ತದೆ. ಅವಳ ಹೆಸರು ಮಾರ್ಲ್. ಊರು ತೋರಿಸು ಎನ್ನುತ್ತಾಳೆ, ನಿಮ್ಮ ಹಿಂದೆಯೇ ಬರುತ್ತಾಳೆ. ಮಿಠಾಯಿ ಅಂಗಡಿ ಮುಂದೆ ನಿಂತು ಯಾವುದು ತೆಗೆದುಕೊಳ್ಳಲಿ ಎಂದು ಯೋಚಿಸುತ್ತಾಳೆ. ಪಕ್ಕದಲ್ಲಿ ಒಂದು ಮಗು ಬೆಕ್ಕು ಕಳೆದುಕೊಂಡು ಅಳುತ್ತಿದೆ. ಒಂದು ಮೇಜಿನ ಮೇಲೆ ಯಾರದೋ ಬುತ್ತಿ ಇದೆ.

ವಿಡಿಯೋ ಗೇಮ್ ಆಡಿ ಅಭ್ಯಾಸವಿರುವವರು ಇಲ್ಲಿ ಏನು ಮಾಡುತ್ತಾರೆ? ನಾನು ಮಾಡಿದ್ದೇ ಮಾಡುತ್ತಾರೆ. ಹೊಳೆಯುವುದನ್ನು ಮೊದಲು ಎತ್ತಿಕೊಳ್ಳುತ್ತಾರೆ. ಬಿದ್ದ ಹುಡುಗಿಗಿಂತ ಮುಂಚೆ ಪದಕ. ಬುತ್ತಿ ಕಂಡರೆ ತಿನ್ನುತ್ತಾರೆ, ಶಕ್ತಿ ಬರುತ್ತದಲ್ಲ. ಮಿಠಾಯಿ ಆರಿಸುವವಳನ್ನು ಬಿಟ್ಟು ಮುಂದೆ ಎಳೆಯುತ್ತಾರೆ. ಬೆಕ್ಕಿನ ಗೊಡವೆ ಯಾರಿಗೆ ಬೇಕು? ಗೇಮ್ ಏನೂ ಹೇಳುವುದಿಲ್ಲ. ಬೀಪ್ ಇಲ್ಲ, ಅಂಕ ಕಳೆಯುವುದಿಲ್ಲ.

ಒಂದೆರಡು ಗಂಟೆಯ ನಂತರ, ಎಲ್ಲ ಮರೆತ ಮೇಲೆ, ನಿಮ್ಮನ್ನು ಹಿಡಿದು ಕಟಕಟೆಯಲ್ಲಿ ನಿಲ್ಲಿಸುತ್ತಾರೆ. ಆರೋಪ, ಆ ಹುಡುಗಿಯನ್ನು ಅಪಹರಿಸಿದ್ದು. ಅವಳು ರಾಜಕುಮಾರಿ. ಮಂತ್ರಿಯೇ ಪ್ರಾಸಿಕ್ಯೂಟರ್. ಸಾಕ್ಷಿಗಳು ಒಬ್ಬೊಬ್ಬರಾಗಿ ಬರುತ್ತಾರೆ: ಆ ಮಗು, ಬುತ್ತಿಯ ಅಜ್ಜ. ನೀವು ಜಾತ್ರೆಯಲ್ಲಿ ಮಾಡಿದ್ದನ್ನು ಒಂದೊಂದೇ ತೆರೆದು ತೋರಿಸುತ್ತಾರೆ. ಮುದುಕನ ಊಟ ತಿಂದವನು ನೀನೇ ತಾನೆ? ಮೊದಲು ಹುಡುಗಿಯನ್ನು ನೋಡಿದೆಯೋ ಪದಕವನ್ನೋ? ಏಳು ಜನ ಪಂಚರು ಒಬ್ಬೊಬ್ಬರಾಗಿ ಎದ್ದು ಒಂದು ಪಕ್ಕಕ್ಕೆ ಹೋಗಿ ನಿಲ್ಲುತ್ತಾರೆ. ನನ್ನ ಪಕ್ಕಕ್ಕೆ ಬಂದವರು ಇಬ್ಬರೇ.

ತೀರ್ಪು ಏನೇ ಬರಲಿ, ಜೈಲು ತಪ್ಪದು. ಕಥೆ ಅಲ್ಲಿಂದಲೇ ಮುಂದೆ ಸಾಗಬೇಕು. ಆದರೆ ಆ ಹತ್ತು ನಿಮಿಷದಲ್ಲಿ ಗೇಮ್ ತನ್ನ ಮಾತು ಹೇಳಿ ಮುಗಿಸಿರುತ್ತದೆ: ಇಲ್ಲಿ ಮಾಡಿದ್ದು ಎಲ್ಲೂ ಹೋಗುವುದಿಲ್ಲ. ಆದ್ದರಿಂದ ಹೊಸಬರಿಗೆ ನನ್ನ ಸಲಹೆ, ಈ ಪ್ಯಾರಾ ಓದಿಯೂ ಮೊದಲ ಸಲ ನಿಮಗೆ ತೋಚಿದಂತೆಯೇ ಆಡಿ. ಪಂಚರೆಲ್ಲರೂ ನಿರ್ದೋಷಿ ಎನ್ನಲಿ ಎಂದು ಗೈಡ್ ನೋಡಿಕೊಂಡು ಆಡಿದವರಿಗೆ ಮೈ ಬೆಚ್ಚಗಾಗುವ ಆ ಕ್ಷಣವೇ ಸಿಗುವುದಿಲ್ಲ.

ಜಾತ್ರೆಯಿಂದ ಹೊರಟ ದಾರಿ ಕಾಲದಲ್ಲಿ ಹಿಂದೆ ಮುಂದೆ ಹೋಗುತ್ತದೆ. ಕ್ರೋನೋ ಇರುವುದು ಕ್ರಿ.ಶ. 1000ದಲ್ಲಿ. ಅಲ್ಲಿಂದ ಯುದ್ಧ ನಡೆಯುತ್ತಿರುವ 600ಕ್ಕೆ, ಧೂಳು ಬಿಟ್ಟರೆ ಏನೂ ಉಳಿಯದ 2300ಕ್ಕೆ, ಡೈನೊಸಾರ್‌ಗಳಿರುವ ಆರೂವರೆ ಕೋಟಿ ವರ್ಷ ಹಿಂದಕ್ಕೆ, ಕ್ರಿ.ಪೂ. 12000ದ ಮಂಜಿನ ಯುಗಕ್ಕೆ. ಭೂಪಟ ಒಂದೇ, ಕಾಲ ಬೇರೆ. ನಿಮ್ಮ ಊರಿನ ದಕ್ಷಿಣಕ್ಕಿದ್ದ ಸೇತುವೆ ನಾಲ್ಕು ನೂರು ವರ್ಷ ಹಿಂದೆ ಯುದ್ಧಭೂಮಿ.

ಒಣಮಾಂಸದ ಲೆಕ್ಕ

ಕಾಲಪ್ರಯಾಣದ ಕಥೆ ಬೇಕಾದಷ್ಟಿವೆ. ಇದರ ರುಚಿ ಇರುವುದು ಸಣ್ಣ ಲೆಕ್ಕಗಳಲ್ಲಿ. ಪೋರ್ ಎಂಬ ಊರಿನಲ್ಲಿ ಒಬ್ಬ ಜಿಪುಣ ಮೇಯರ್ ಇದ್ದಾನೆ, 1000ನೇ ಇಸವಿಯಲ್ಲಿ. ನಿಮಗೆ ತುರ್ತಾಗಿ ಬೇಕಾದ ಒಂದು ಕಲ್ಲು ಅವನ ಕೈಯಲ್ಲಿ ಸಿಕ್ಕಿಕೊಂಡಿದೆ, ಕೊಡಲೊಲ್ಲ. ಬೇಡಿದರೂ ಇಲ್ಲ, ಬಡಿದರೂ ಇಲ್ಲ. ಅದೇ ಊರಿನ ಹೋಟೆಲ್‌ನಲ್ಲಿ 9900 ಕಾಸಿಗೆ ಒಣಮಾಂಸ ಮಾರುತ್ತಾರೆ. ಅದನ್ನು ಕೊಂಡು 600ನೇ ಇಸವಿಗೆ ಹೋಗಿ. ಅದೇ ಊರಿನ ಹಿರಿಯನ ಹೆಂಡತಿಗೆ ಅದು ಬೇಕು. ಕೊಡುತ್ತೀಯಾ, 10,000 ಕೊಡುತ್ತೇನೆ ಎನ್ನುತ್ತಾಳೆ. ನೂರು ಕಾಸು ಲಾಭ! ಅಂಗಡಿ ಬುದ್ಧಿಯವರು ಮಾರಿಬಿಡುತ್ತಾರೆ.

ಮಾರಬೇಡಿ. ಸುಮ್ಮನೆ ಕೊಟ್ಟುಬಿಡಿ. ಆಕೆ ಬೆರಗಾಗುತ್ತಾಳೆ, ನನ್ನ ಮಕ್ಕಳಿಗೂ ಕೈಬಿಚ್ಚಿ ಕೊಡುವುದನ್ನು ಕಲಿಸುತ್ತೇನೆ ಎನ್ನುತ್ತಾಳೆ. ನಾಲ್ಕು ನೂರು ವರ್ಷ ಮುಂದಕ್ಕೆ ಬಂದು ನೋಡಿದರೆ ಅದೇ ಮನೆಯ ಮೇಯರ್ ಊರಿಗೇ ಉಪಕಾರಿ, ಕಲ್ಲನ್ನು ತಾನೇ ಎತ್ತಿಕೊಡುತ್ತಾನೆ. ಎಷ್ಟು ತಲೆಮಾರು ದಾಟಿತೋ ಆ ಒಣಮಾಂಸದ ಋಣ!

ಇದೇ ಬಗೆಯ ಇನ್ನೊಂದು, ಇದನ್ನು ಹೇಳದಿದ್ದರೆ ಹೊಸಬರಿಗೆ ನಷ್ಟ. ಆಟದ ನಡುವಿನಲ್ಲಿ ಪದಕಕ್ಕೆ ಶಕ್ತಿ ಬಂದ ಮೇಲೆ, ಅಲ್ಲಿಯವರೆಗೆ ತೆರೆಯದ ಕಪ್ಪು ಪೆಟ್ಟಿಗೆಗಳು ತೆರೆಯುತ್ತವೆ. 600ನೇ ಇಸವಿಯ ಪೆಟ್ಟಿಗೆ ಕಂಡರೆ ಆತುರಪಡಬೇಡಿ. ಪದಕ ಮಿನುಗಿದಾಗ ತೆಗೆಯಲೇ ಎಂದು ಕೇಳುವ ಪೆಟ್ಟಿಗೆಗಳಿವೆ, ಬೇಡ ಎನ್ನಿ. 1000ನೇ ಇಸವಿಗೆ ಹೋಗಿ ಅದೇ ಜಾಗದ ಪೆಟ್ಟಿಗೆ ತೆರೆಯಿರಿ. ಒಳಗಿನ ವಸ್ತು ನಾಲ್ಕು ನೂರು ವರ್ಷ ಉಪ್ಪಿನಕಾಯಿಯಂತೆ ಮಾಗಿ ಇನ್ನೂ ಬಲವಾಗಿರುತ್ತದೆ. ಆಮೇಲೆ ಹಿಂದಕ್ಕೆ ಹೋಗಿ ಮೂಲದ್ದನ್ನೂ ತೆಗೆದುಕೊಳ್ಳಿ. ಎರಡೂ ನಿಮ್ಮವೇ. ತರ್ಕ ಕೇಳಬೇಡಿ.

ಕಥೆಯನ್ನು ಮೊದಲೇ ಹೇಳಿಬಿಡುವ ಪಾಪವನ್ನು ಒಂದೇ ಒಂದು ಸಲ ಮಾಡುತ್ತೇನೆ. ಬೇಡದವರು ಮುಂದಿನ ಪ್ಯಾರಾ ಹಾರಿಸಿ.

600ನೇ ಇಸವಿಯಲ್ಲಿ ಒಂದು ಮರುಭೂಮಿ, ಅದನ್ನು ಕಾಡಾಗಿಸಬೇಕೆಂದು ಹೊರಟ ಹೆಂಗಸು ಒಬ್ಬಳು. ಒಬ್ಬಳಿಂದ ಆಗುವ ಕೆಲಸವಲ್ಲ. ನಿಮ್ಮ ತಂಡದಲ್ಲಿ ರೋಬೋ ಎಂಬ ಯಂತ್ರಮಾನವ ಇದ್ದಾನೆ, 2300ನೇ ಇಸವಿಯವನು. ನಾನು ಇಲ್ಲೇ ಉಳಿದು ನೆಡುತ್ತೇನೆ, ನೀವು ಹೋಗಿ, 1000ದಲ್ಲಿ ಬಂದು ಕರೆದುಕೊಳ್ಳಿ ಎನ್ನುತ್ತಾನೆ. ಕಾಲಯಂತ್ರ ಹತ್ತುತ್ತೀರಿ. ನಿಮಗೆ ಅರ್ಧ ನಿಮಿಷ. ಇಳಿದರೆ ಮರಳಿದ್ದಲ್ಲಿ ದಟ್ಟ ಹಸಿರು, ಕಾಡಿನ ನಡುವೆ ಒಂದು ಗುಡಿ, ಗುಡಿಯೊಳಗೆ ಪೂಜೆಗೆ ಇಟ್ಟಂತೆ ತುಕ್ಕು ಹಿಡಿದ ನಿಮ್ಮ ಗೆಳೆಯ. ಅವನಿಗೆ ನಾಲ್ಕು ನೂರು ವರ್ಷ ಆಗಿದೆ. ಅವನನ್ನು ರಿಪೇರಿ ಮಾಡಿದ ರಾತ್ರಿ ಎಲ್ಲರೂ ಕಾಡಿನಲ್ಲಿ ಬೆಂಕಿ ಹಾಕಿ ಕೂರುತ್ತಾರೆ. ಆ ರಾತ್ರಿ ಮುಂದೇನಾಗುತ್ತದೆ ಎಂಬುದನ್ನು ಹೇಳುವುದಿಲ್ಲ. ಬೆರಳುದ್ದದ ಗೊಂಬೆಗಳು, ಬಾಯಿ ಆಡಿಸುವುದೂ ಇಲ್ಲ. ತಲೆ ತಗ್ಗಿಸುವುದು, ತಿರುಗಿ ನಿಲ್ಲುವುದು, ಇಷ್ಟರಲ್ಲೇ ಎಲ್ಲ.

ಇದು ಹಳೆಯ ಚಿತ್ರಗಳ ಬಲ ಎಂದು ನನಗೆ ಅನ್ನಿಸುತ್ತದೆ. 256 ಅಡ್ಡ, 224 ಉದ್ದ ಚುಕ್ಕಿಗಳ ಪರದೆಯಲ್ಲಿ ಮುಖಭಾವಕ್ಕೆ ಜಾಗವಿಲ್ಲ. ಹಾಗಾಗಿ ಯಾರು ಎಲ್ಲಿ ನಿಂತರು, ಎಷ್ಟು ಹೊತ್ತು ಸುಮ್ಮನಿದ್ದರು ಎಂಬುದರಲ್ಲೇ ನಟನೆ ಮುಗಿಯಬೇಕು. ತೊಗಲುಗೊಂಬೆ ಆಟ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕ್ರೋನೋ ಅಂತೂ ಬಾಯೇ ಬಿಡುವುದಿಲ್ಲ.

ಹೊಡೆದಾಟದ ವಿಷಯ

ಆ ಕಾಲದ ಜಪಾನಿ ಆರ್‌ಪಿಜಿಗಳ ದೊಡ್ಡ ಕಾಟವೆಂದರೆ ದಾರಿಯಲ್ಲಿ ನಡೆಯುವಾಗ ಇದ್ದಕ್ಕಿದ್ದಂತೆ ಪರದೆ ಮಿಂಚಿ, ಎಲ್ಲೂ ಕಾಣದ ಶತ್ರು ಎದುರಿಗೆ ಬಂದು ನಿಲ್ಲುವುದು. ಹತ್ತು ಹೆಜ್ಜೆಗೊಮ್ಮೆ ಹೀಗಾದರೆ ತಾಳ್ಮೆ ಯಾರಿಗಿದೆ? ಕ್ರೋನೋ ಟ್ರಿಗರ್‌ನಲ್ಲಿ ಬಹುತೇಕ ಶತ್ರುಗಳು ಕಣ್ಣೆದುರೇ ಓಡಾಡಿಕೊಂಡಿರುತ್ತಾರೆ. ನಿದ್ದೆ ಮಾಡುತ್ತಿರುತ್ತಾರೆ, ಹರಟೆ ಹೊಡೆಯುತ್ತಿರುತ್ತಾರೆ, ಕೆಲವರು ಪೊದೆಯಲ್ಲಿ ಅಡಗಿರುತ್ತಾರೆ. ಕೆಲವರನ್ನು ಬಳಸಿ ಹೋಗಬಹುದು. ಹೊಡೆದಾಟ ನಡೆಯುವುದು ನಿಂತ ಜಾಗದಲ್ಲೇ, ಬೇರೆ ಪರದೆ ಇಲ್ಲ.

ಪ್ರತಿಯೊಬ್ಬರಿಗೂ ಒಂದು ಪಟ್ಟಿ ತುಂಬುತ್ತಿರುತ್ತದೆ, ತುಂಬಿದ ಮೇಲೆ ಅವರ ಸರದಿ. ಯುದ್ಧದಲ್ಲಿ ಮೂವರು ಇರುತ್ತಾರೆ. ಆತುರಪಟ್ಟು ಒಬ್ಬೊಬ್ಬರಾಗಿ ಹೊಡೆಯುವ ಬದಲು ಇಬ್ಬರ ಪಟ್ಟಿ ತುಂಬುವವರೆಗೆ ಕಾದರೆ ಇಬ್ಬರೂ ಸೇರಿ ಒಂದು ಜೋಡಿಪೆಟ್ಟು ಕೊಡಬಹುದು. ಕ್ರೋನೋ ಮತ್ತು ಕಪ್ಪೆ ಎರಡು ಕಡೆಯಿಂದ ನುಗ್ಗಿ ಕತ್ತರಿಯಂತೆ ಕೊಯ್ಯುವ ‘ಎಕ್ಸ್ ಸ್ಟ್ರೈಕ್’ ನನಗೆ ಬಹಳ ದೂರದವರೆಗೆ ಅನ್ನ ಹಾಕಿತು. ಮೂವರು ಸೇರುವ ಪೆಟ್ಟುಗಳೂ ಇವೆ. ಯಾರ ಜೊತೆ ಯಾರು ಸೇರಿದರೆ ಏನಾಗುತ್ತದೆ ಎಂದು ಬದಲಿಸಿ ಬದಲಿಸಿ ನೋಡುವುದೇ ಒಂದು ಆಟ. ಶತ್ರುಗಳು ನಿಂತ ಜಾಗವೂ ಲೆಕ್ಕಕ್ಕೆ ಬರುತ್ತದೆ. ಕೆಲವು ಏಟು ಸಾಲಿಗೆ ತಗಲುತ್ತದೆ, ಕೆಲವು ಸುತ್ತಲೂ. ಅವರು ಗುಂಪಾಗುವವರೆಗೆ ಒಂದು ಉಸಿರು ತಡೆಯಿರಿ.

ಬಾಸ್‌ಗಳ, ಅಂದರೆ ದೊಡ್ಡ ಶತ್ರುಗಳ, ಎದುರು ಬಲಕ್ಕಿಂತ ಗಮನ ಮುಖ್ಯ. ಜೈಲಿನಿಂದ ತಪ್ಪಿಸಿಕೊಳ್ಳುವಾಗ ಎದುರಾಗುವ ಯಂತ್ರ ಡ್ರ್ಯಾಗನ್‌ಗೆ ತಲೆ, ಮೈ, ಚಕ್ರ ಎಂದು ಮೂರು ಭಾಗ. ತಲೆ ಉಳಿದ ಭಾಗಗಳಿಗೆ ಮದ್ದು ಹಾಕುತ್ತಿರುತ್ತದೆ, ಮೊದಲು ಅದನ್ನೇ ಹೊಡೆಯಿರಿ. ಗುಹೆಯ ಹೆಕ್ರಾನ್ ಎಂಬ ನೀಲಿ ದೈತ್ಯ ನಡುನಡುವೆ ಸುಮ್ಮನೆ ನಿಂತು, ಬಾ ಹೊಡಿ ನೋಡೋಣ ಎಂದು ಕೆಣಕುತ್ತಾನೆ. ಆಗ ಕೈ ಕಟ್ಟಿಕೊಂಡು ಕೂರಬೇಕು, ಹೊಡೆದರೆ ತಿರುಗಿ ಬಾರಿಸುತ್ತಾನೆ. ಡೈನೊಸಾರ್‌ಗಳಿಗೆ ಸಿಡಿಲಿನ ಏಟು ಬಿದ್ದರೆ ಅವುಗಳ ಚರ್ಮದ ಗಟ್ಟಿತನ ಇಳಿಯುತ್ತದೆ, ಆಮೇಲೆ ಕತ್ತಿ ಕೆಲಸ ಮಾಡುತ್ತದೆ.

ಮಂತ್ರಶಕ್ತಿ ಸಿಗುವುದು ‘ಕಾಲದ ಕೊನೆ’ ಎಂಬ ಜಾಗದಲ್ಲಿ. ಅಲ್ಲಿನ ಕೋಣೆಯೊಂದರಲ್ಲಿ ಸ್ಪೆಕಿಯೋ ಎಂಬವನಿದ್ದಾನೆ. ಕಲಿಸು ಎಂದರೆ ಅವನ ಷರತ್ತು: ಬಾಗಿಲಿನಿಂದ ಶುರು ಮಾಡಿ, ಗೋಡೆಯ ಅಂಚು ಹಿಡಿದು, ಗಡಿಯಾರದ ಮುಳ್ಳಿನಂತೆ ಮೂರು ಸುತ್ತು. ಹೊರದೇಶದ ಆಟಗಾರರು ಇಲ್ಲಿ ತಡವರಿಸುವುದನ್ನು ನೋಡಿದ್ದೇನೆ. ನಮಗೇನು, ಪ್ರದಕ್ಷಿಣೆ!

ಹೊಸಬರು ಸಿಕ್ಕಿಹಾಕಿಕೊಳ್ಳುವ ಇನ್ನೊಂದು ಜಾಗ 2300ರ ಆರಿಸ್ ಡೋಮ್. ಅಲ್ಲಿ ಒಂದು ಇಲಿ ಕಲ್ಲಿನಂತೆ ನಿಂತಿರುತ್ತದೆ, ಹತ್ತಿರ ಹೋದರೆ ಓಡುತ್ತದೆ. ಓಟದ ಗುಂಡಿ ಒತ್ತಿಕೊಂಡೇ ಬೆನ್ನುಹತ್ತಿ, ಹಿಂದಿನಿಂದ ತಾಗುವಷ್ಟು ಹತ್ತಿರವಾದಾಗ ಮಾತಾಡಿಸುವ ಗುಂಡಿ ಒತ್ತಿ. ಅದು ಹೇಳುವ ಗುಟ್ಟಿಲ್ಲದೆ ಮುಂದಿನ ಬಾಗಿಲು ತೆರೆಯದು. ಅದೇ ಕಾಲದ ಬೈಕ್ ರೇಸ್ ಮಾತ್ರ ನನಗೆ ಇವತ್ತಿಗೂ ಹಿಡಿಸಿಲ್ಲ. ಗೆದ್ದರೂ ಸೋತರೂ ದಾರಿ ಸಿಗುತ್ತದೆ, ತಲೆಕೆಡಿಸಿಕೊಳ್ಳಬೇಡಿ. ಡಿಎಸ್ ಆವೃತ್ತಿಯಲ್ಲಿ ಸೇರಿಸಿದ ‘ಲಾಸ್ಟ್ ಸ್ಯಾಂಕ್ಟಮ್’ ಎಂಬ ಭಾಗ ಈಗಿನ ಆವೃತ್ತಿಗಳಲ್ಲೂ ಇದೆ: ಬೆಟ್ಟ ಹತ್ತು, ಇಳಿ, ಮತ್ತೆ ಹತ್ತು. ಅದನ್ನು ಬಿಟ್ಟರೆ ಏನೂ ಕಳೆದುಕೊಳ್ಳುವುದಿಲ್ಲ; ಮೂಲ ತಂಡದ ಬಿಗಿ ಅದರಲ್ಲಿಲ್ಲ.

ನಡುವೆ ಒಂದು ಕಡೆ ಆಗಬಾರದ್ದು ಆಗುತ್ತದೆ. ಗಾಬರಿಯಾಗಿ ಇಂಟರ್ನೆಟ್‌ನಲ್ಲಿ ಹುಡುಕಬೇಡಿ. ಆಡುತ್ತಾ ಹೋಗಿ. ಅದಾದ ಮೇಲೆ ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ ಕಾಲದ ಕೊನೆಯಲ್ಲಿ ದೀಪದ ಕಂಬಕ್ಕೆ ಒರಗಿ ನಿಂತ ಮುದುಕನನ್ನು ಮಾತಾಡಿಸಿ. ಬಾಕಿ ಕೆಲಸಗಳ ಸುಳಿವು ಕೊಡುತ್ತಾನೆ.

ಕಿವಿಗೆ

ಯಸುನೊರಿ ಮಿತ್ಸುದಾ ಸ್ಕ್ವೇರ್‌ನಲ್ಲಿ ಸದ್ದುಗಳನ್ನು ಹೊಂದಿಸುವ ಕೆಲಸದಲ್ಲಿದ್ದ ಹುಡುಗ. ಸಂಗೀತ ಸಂಯೋಜನೆ ಕೊಡದಿದ್ದರೆ ಕೆಲಸ ಬಿಡುತ್ತೇನೆ ಎಂದು ಸಕಾಗುಚಿಗೆ ಹೇಳಿದರು. ಸರಿ, ಇದನ್ನು ಮಾಡು ಎಂದು ಈ ಗೇಮ್ ಕೊಟ್ಟರು. ಹಗಲು ರಾತ್ರಿ ಬಿದ್ದು ದುಡಿದರು. ನಡುವೆ ಹಾರ್ಡ್ ಡಿಸ್ಕ್ ಕೆಟ್ಟು ಸುಮಾರು 40 ಅಪೂರ್ಣ ರಚನೆಗಳು ಹೋದವು. ಹೊಟ್ಟೆಹುಣ್ಣಾಗಿ ಮಲಗಿದಾಗ ‘ಫೈನಲ್ ಫ್ಯಾಂಟಸಿ’ಯ ನೊಬುವೊ ಉಯೆಮಾತ್ಸು ಬಂದು ಉಳಿದ ಕೆಲವನ್ನು ಮುಗಿಸಿಕೊಟ್ಟರು. ಸೋನಿ ಮಾಡಿಕೊಟ್ಟಿದ್ದ ಆ ಯಂತ್ರದ ಧ್ವನಿ ಚಿಪ್‌ನಲ್ಲಿ ಒಟ್ಟಿಗೆ ನುಡಿಯಬಹುದಾದದ್ದು ಎಂಟೇ ಸ್ವರ, ಅದರ ಸ್ಮರಣೆ 64 ಕೆಬಿ. ಆ ಇಕ್ಕಟ್ಟಿನೊಳಗೆ ಇದೆಲ್ಲ ಹುಟ್ಟಿದೆ.

600ನೇ ಇಸವಿಯ ಬಯಲಿಗೆ ಕಾಲಿಟ್ಟಾಗ ಕೇಳುವ ರಾಗಕ್ಕಾಗಿ ಎಷ್ಟೋ ಸಲ ನಾನು ಸುಮ್ಮನೆ ನಿಂತುಬಿಟ್ಟಿದ್ದೇನೆ. ಮೋಡದ ಮೇಲೆ ತೇಲುವ ಝೀಲ್ ರಾಜ್ಯದ ಸಂಗೀತದಲ್ಲಿ ಸಿತಾರಿನಂಥ ಒಂದು ನಾದ ಬರುತ್ತದೆ, ನಮ್ಮ ಕಿವಿಗೆ ತಕ್ಷಣ ಗುರುತು ಸಿಗುತ್ತದೆ. ಹೆಡ್‌ಫೋನ್ ಹಾಕಿಕೊಂಡೇ ಆಡಿ. ಬಸ್ಸಿನಲ್ಲಿ ಸದ್ದು ಆಫ್ ಮಾಡಿಕೊಂಡು ಆಡಿದರೆ ಅರ್ಧ ಊಟ.

ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳುವವರಿಗೆ: ಇಪ್ಪತ್ತರಿಂದ ಇಪ್ಪತ್ತೈದು ಗಂಟೆ. ದಿನಕ್ಕೆ ಮುಕ್ಕಾಲು ಗಂಟೆಯಂತೆ ಒಂದು ತಿಂಗಳು. ಈಗಿನ ದೊಡ್ಡ ಗೇಮ್‌ಗಳು ನೂರು ಗಂಟೆ ಬೇಡುತ್ತವೆ, ಅದರಲ್ಲಿ ನಲವತ್ತು ಗಂಟೆ ಕುದುರೆ ಮೇಲೆ ಕೂತು ಗುಡ್ಡ ದಾಟುವುದೇ ಆಗುತ್ತದೆ. ಮನೆ, ಮಕ್ಕಳು, ನೌಕರಿ ಇರುವವರಿಗೆ ಈ ಹಳೆಯ ಗೇಮ್ ಹಿಡಿಸಲು ಇದೂ ಕಾರಣ. ಲೆವೆಲ್ ಏರಿಸಲೆಂದೇ ಒಂದೇ ಕಾಡಿನಲ್ಲಿ ಸುತ್ತುವ ಅಗತ್ಯ ಹೆಚ್ಚುಕಡಿಮೆ ಇಲ್ಲ. ಈಗಿನ ಆವೃತ್ತಿಗಳು ತಾವಾಗಿಯೇ ಸೇವ್ ಮಾಡಿಕೊಳ್ಳುತ್ತವೆ, ಆದರೂ ಹೊಳೆಯುವ ಸೇವ್ ಚುಕ್ಕಿ ಕಂಡಾಗಲೆಲ್ಲ ಸೇವ್ ಮಾಡಿ, ಎರಡು ಬೇರೆ ಬೇರೆ ಜಾಗದಲ್ಲಿ.

ಮುಗಿಸಿದ ಮೇಲೆ ಇದೇ ರುಚಿ ಇನ್ನಷ್ಟು ಬೇಕೆಂದರೆ ‘ಫೈನಲ್ ಫ್ಯಾಂಟಸಿ 6’ರ ಪಿಕ್ಸೆಲ್ ರೀಮಾಸ್ಟರ್ ಸ್ಟೀಮ್‌ನಲ್ಲೂ ಫೋನಿನಲ್ಲೂ ಸಿಗುತ್ತದೆ. ಕೆನಡಾದ ತಂಡವೊಂದು 2023ರಲ್ಲಿ ತಂದ ‘ಸೀ ಆಫ್ ಸ್ಟಾರ್ಸ್’ ಇದರದ್ದೇ ನೆರಳಿನಲ್ಲಿ ಬೆಳೆದದ್ದು, ಮಿತ್ಸುದಾ ಅದಕ್ಕೆ ಕೆಲವು ರಚನೆ ಮಾಡಿಕೊಟ್ಟಿದ್ದಾರೆ. ಆದರೆ ಅದಕ್ಕೂ ಮುಂಚೆ ಇದನ್ನೇ ಇನ್ನೊಮ್ಮೆ ಆಡಿ. ‘ನ್ಯೂ ಗೇಮ್ ಪ್ಲಸ್’ ಎಂಬ ಆಯ್ಕೆ ಬಂದಿರುತ್ತದೆ. ಗಳಿಸಿದ ಬಲ, ಆಯುಧ ಹೆಚ್ಚುಕಡಿಮೆ ಎಲ್ಲ ಇಟ್ಟುಕೊಂಡೇ ಮೊದಲಿನಿಂದ. ಈಗ ಎಷ್ಟೋ ಗೇಮ್‌ಗಳಲ್ಲಿ ಕಾಣುವ ಈ ಮಾತನ್ನು ಚಾಲ್ತಿಗೆ ತಂದದ್ದೇ ಇದು. ಕೊನೆಯ ಶತ್ರುವನ್ನು ಯಾವ ಹಂತದಲ್ಲಿ ಸೋಲಿಸುತ್ತೀರಿ ಎಂಬುದರ ಮೇಲೆ ಮುಕ್ತಾಯ ಬದಲಾಗುತ್ತದೆ, ಹತ್ತಕ್ಕೂ ಹೆಚ್ಚು ಮುಕ್ತಾಯಗಳಿವೆ.

ಮತ್ತೆ ಗಂಟೆ ಬಾರಿಸುತ್ತದೆ, ಅಮ್ಮ ಪರದೆ ಸರಿಸುತ್ತಾಳೆ, ಹುಡುಗಿ ಬಂದು ಡಿಕ್ಕಿ ಹೊಡೆಯುತ್ತಾಳೆ. ಈ ಸಲ ನಾನು ಪದಕ ಬಿಟ್ಟು ಅವಳ ಕಡೆ ಹೋದೆ, ಬೆಕ್ಕನ್ನು ಮಗುವಿಗೆ ತಲುಪಿಸಿದೆ, ಬುತ್ತಿ ಮುಟ್ಟಲಿಲ್ಲ. ಗೆಳತಿ ಲುಕಾ ತಾನು ಕಟ್ಟಿದ ಯಂತ್ರ ತೋರಿಸುವ ಜಾಗಕ್ಕೆ ಹೋದಾಗ ಬಲಗಡೆಯ ಕಟ್ಟೆಯ ಮೇಲೆ ಒಂದು ಮಿನುಗು. ಮೊದಲ ಸಲ ಅದು ಅಲ್ಲಿರಲಿಲ್ಲ. ಹತ್ತಿ ನಿಂತರೆ ನೇರ ಕೊನೆಯ ಯುದ್ಧಕ್ಕೆ. ಅಲ್ಲಿ ಗೆದ್ದವರು ಒಂದು ವಿಚಿತ್ರ ಜಾಗಕ್ಕೆ ಬಂದು ಬೀಳುತ್ತಾರೆ. ಅಲ್ಲಿ ಈ ಗೇಮ್ ಕಟ್ಟಿದವರೇ ಬೆರಳುದ್ದದ ಗೊಂಬೆಗಳಾಗಿ ಅಲ್ಲಲ್ಲಿ ನಿಂತಿದ್ದಾರೆ, ಒಬ್ಬೊಬ್ಬರನ್ನೂ ಮಾತಾಡಿಸಬಹುದು. ಕೆಲಸ ಮುಗಿಸಿದ ದಣಿವಿನಲ್ಲಿ ತಮಾಷೆ ಮಾಡುತ್ತಿದ್ದಾರೆ, 1995ರಲ್ಲೇ.